ಐದು ಅಡಿ ಎಂಟು ಇಂಚಿನ ಡ್ಯಾಡೋ

“ಹಲೋ ಮೇಡಂ, ಡ್ಯಾಡೋ ಎಷ್ಟು ಎತ್ತರ?”

ಫೋನಿನ ಆ ಕಡೆ ಕಲ್ಲು ಕೊಯ್ಯುವ ಯಂತ್ರವೊಂದು ಕಿರ್ರೋ ಎಂದು ಕೂಗುತ್ತಿತ್ತು. ಈ ಕಡೆ ಕನ್ನಡಕದ ಅಂಗಡಿಯಲ್ಲಿ, ಯಾರದೋ ಮುರಿದ ಫ್ರೇಮ್ ಹಿಡಿದು ನಿಂತಿದ್ದವಳ ಕಿವಿಗೆ ಬಿದ್ದದ್ದು ‘ಡ್ಯಾಡಿ’ ಎಂದು. ಅವಳು ತಬ್ಬಿಬ್ಬಾದಳು. ಅಡುಗೆಮನೆಯ ಗೋಡೆಗೆ ಏನಾದರೂ ಹಚ್ಚಿಸಬೇಕು ಅಂತ ಹೇಳಿಕಳಿಸಿದರೆ ಈ ಮನುಷ್ಯ ಅಪ್ಪನ ಎತ್ತರ ಕೇಳುತ್ತಾನಲ್ಲ! ಆದರೆ ನಂಬರ್ ಕೊಟ್ಟ ಗಿರಾಕಿ ಮೊದಲೇ ಹೇಳಿದ್ದರು, “ಆ ಟೈಲ್ಸ್ ಮೇಸ್ತ್ರಿ ಬಹಳ ಅಚ್ಚುಕಟ್ಟು. ಮನೆಯಲ್ಲಿ ಯಾರ್ಯಾರಿದಾರೆ, ಎಷ್ಟೆತ್ತರ ಇದಾರೆ, ಎಲ್ಲಾ ವಿಚಾರಿಸಿಕೊಂಡೇ ಕೆಲಸಕ್ಕೆ ಕೈ ಹಾಕೋದು.” ಇರಬಹುದು ಅಂದುಕೊಂಡಳು.

“ಐದು ಅಡಿ ಎಂಟು ಇಂಚು,” ಎಂದಳು.

“ಐದೂ ಎಂಟಾ?” ಆ ಕಡೆಯ ಧ್ವನಿ ದಂಗಾಯಿತು. “ಅಷ್ಟೊಂದು ಯಾಕೆ ಮೇಡಂ?”

“ಯಾಕೆ ಅಂದ್ರೆ ಏನ್ ಹೇಳ್ಲಿ? ಅವರ ವಂಶದಲ್ಲೇ ಎಲ್ಲರೂ ಎತ್ತರ.”

ಆ ಕಡೆಯವನು ಅದನ್ನು ಬರೆದುಕೊಂಡ.

“ಸರಿ. ಹಳೇದನ್ನ ನಾನೇ ಬಂದು ತೆಗೀಬೇಕಾ?”

ಅವಳಿಗೆ ಅರ್ಧ ಮಾತು ಕೇಳಿಸಿತು, ಅರ್ಧ ಕೇಳಿಸಲಿಲ್ಲ. ಅಪ್ಪ ಈಗಿಲ್ಲವಾ ಅಂತ ಕೇಳಿದ ಹಾಗಾಯಿತು. “ಹೋಗಿ ಒಂದು ವರ್ಷ ಎರಡು ತಿಂಗಳಾಯ್ತು.”

“ಓ, ತಾನಾಗೇ ಹೋಯ್ತಾ?”

“ಹೌದು. ನಿದ್ದೆಯಲ್ಲೇ.”

“ಹಾಂ? ಸರಿ ಸರಿ. ಹಾಗಾದ್ರೆ ಈಗ ಗೋಡೆ ಮೇಲೆ ಏನೂ ಇಲ್ಲ?”

“ಫೋಟೋ ಇದೆ,” ಎಂದಳು ಅವಳು, ಮೆಲ್ಲಗೆ.

ಇವಳ ವಿಷಯ ಒಂದಿಷ್ಟು ಹೇಳಲೇಬೇಕು. ವಯಸ್ಸು ಮೂವತ್ತಾರು. ಕನ್ನಡಕದ ಅಂಗಡಿಯ ಒಳಕೋಣೆಯಲ್ಲಿ ಜನರ ಕಣ್ಣು ಪರೀಕ್ಷೆ ಮಾಡುವ ಕೆಲಸ. ಬೆಳಗಿನಿಂದ ಸಂಜೆಯವರೆಗೆ ಗಾಜು ಬದಲಾಯಿಸುತ್ತಾ, “ಒಂದು ಚೆನ್ನಾಗಿ ಕಾಣುತ್ತಾ, ಎರಡು ಚೆನ್ನಾಗಿ ಕಾಣುತ್ತಾ?” ಎಂದು ಊರಿನವರನ್ನೆಲ್ಲ ಕೇಳುವವಳು. ತಾನು ಮಾತ್ರ ಇವತ್ತಿನವರೆಗೆ ಒಂದೂ ಅಂದವಳಲ್ಲ, ಎರಡೂ ಅಂದವಳಲ್ಲ. ಕೊಡೆ ಕೊಳ್ಳಲು ಹೋದರೂ ನೋಡೋಣ, ಪರದೆಯ ಬಟ್ಟೆ ಆರಿಸಲು ಹೋದರೂ ನೋಡೋಣ. ಹಾಗಾಗಿ ಮನೆಯಲ್ಲಿ ಅವಳ ಹೆಸರೇ ‘ನೋಡೋಣ’ ಅಂತ ಆಗಿಹೋಗಿತ್ತು. ಐದು ವರ್ಷದ ಹಿಂದೆ ಬ್ಯಾಂಕಿನಲ್ಲಿದ್ದ ಒಬ್ಬ ಒಳ್ಳೆಯ ಹುಡುಗ ಎಂಟು ತಿಂಗಳು ಈ ನೋಡೋಣ ಕೇಳಿದ. ಒಂಬತ್ತನೆಯ ತಿಂಗಳು ತನ್ನ ಮದುವೆಯ ಪತ್ರ ತಂದುಕೊಟ್ಟು, ಹಾಗೇ ಕನ್ನಡಕದ ಸ್ಕ್ರೂ ಟೈಟ್ ಮಾಡಿಸಿಕೊಂಡು ಹೋದ. ಮಾಡಿಕೊಟ್ಟವಳು ಇವಳೇ. ಆಮೇಲೆ ಎರಡು ದಿನ ಊಟ ಸೇರಲಿಲ್ಲ, ಅದು ಬೇರೆ ಮಾತು.

ಅಪ್ಪ ಇರುವವರೆಗೆ ತೊಂದರೆ ಇರಲಿಲ್ಲ. ಇವಳ ಪರವಾಗಿ ಅಪ್ಪನೇ ಆರಿಸಿಬಿಡುತ್ತಿದ್ದರು. “ಆ ನೀಲಿ ತಗೋ ಮಗಳೇ, ಇನ್ನೊಂದು ಬೇಡ,” ಅಂದರೆ ಮುಗಿಯಿತು. ಈಗ ಹೇಳುವವರಿಲ್ಲ.

ಮನೆ ಚಿಕ್ಕದು, ಓಣಿಯ ಕೊನೆಯದು. ಅಡುಗೆಮನೆ ಇನ್ನೂ ಚಿಕ್ಕದು. ಪಾತ್ರೆ ತೊಳೆಯುವ ಕಡೆ ಒಂದು ಕಿಟಕಿ, ಅಪ್ಪ ಮಾಡಿದ ಮರದ ಎರಡು ಹಲಗೆ, ಕೊಕ್ಕೆಗೆ ನೇತಾಡುವ ಆರು ಕಪ್ಪು. ಅಂಗಡಿಗೆ ಬರುವ ಪತ್ರಿಕೆಯೊಂದರಲ್ಲಿ ಅವಳು ಒಂದು ಚಿತ್ರ ನೋಡಿದ್ದಳು, ‘ಕಾಟೇಜ್ ಕಿಚನ್’ ಅಂತ. ಬಿಳೀ ಗೋಡೆ, ಒರಟು ಮರ, ಒಲೆಯ ಹಿಂದೆ ಹಳೆಯ ಕಾಲದ ಹಾಗೆ ಕಾಣುವ ಬಿಲ್ಲೆಗಳು. ನಮ್ಮ ಅಡುಗೆಮನೆಯೂ ಮುಕ್ಕಾಲು ಪಾಲು ಹೀಗೇ ಇದೆಯಲ್ಲ ಅನ್ನಿಸಿತು. ಇಲ್ಲದ್ದು ಒಲೆ ಹಿಂದಿನ ಗೋಡೆ ಒಂದೇ. ಅಲ್ಲಿ ಸುಣ್ಣ ಎದ್ದು, ಗಾರೆ ಉದುರಿ, ಮೊನ್ನೆಯಂತೂ ಒಂದು ಚಕ್ಕೆ ನೇರ ಹಾಲಿನ ಪಾತ್ರೆಗೇ ಬಿದ್ದಿತ್ತು. “ಇವತ್ತು ಟೀಯಲ್ಲಿ ಗೋಡೆ ಇದೆ, ನೋಡ್ಕೊಂಡು ಕುಡಿ,” ಎಂದಿದ್ದರು ಅಮ್ಮ.

ಆದರೆ ಆ ಗೋಡೆ ಮುಟ್ಟಲು ಅವಳಿಗೆ ಒಂದು ಅಡ್ಡಿ ಇತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಮೇಸ್ತ್ರಿ ಬಂದದ್ದು ಒಂದು ಸಂಜೆ. ವಯಸ್ಸು ನಲವತ್ತರ ಆಚೆ ಈಚೆ, ಎತ್ತರ ಅವಳ ಹುಬ್ಬಿನವರೆಗೆ, ತಲೆಗೆ ಟೋಪಿ, ಕಿವಿಗೆ ಪೆನ್ಸಿಲ್. ಕೆಲಸದ ಕಡೆ ಎಲ್ಲರೂ ಅವನನ್ನು ಕರೆಯುತ್ತಿದ್ದದ್ದು ‘ಅಂಗುಲ’ ಎಂದು. ಕೆಲಸದಲ್ಲಿ ಒಂದಂಗುಲ ಆಚೀಚೆ ಆದರೂ ಕಿತ್ತು ಮತ್ತೆ ಹಾಕುತ್ತಾನೆ ಅಂತ ಒಂದು ಕಾರಣ. ಇನ್ನೊಂದು ಕಾರಣ ಬಾಗಿಲಲ್ಲಿ ನಿಂತಿರುವಾಗಲೇ ಕಾಣುತ್ತಿತ್ತು.

ಅವನು ಗೋಡೆ ನೋಡಿದ, ಟೇಪು ಬಿಚ್ಚಿದ, ಬಕೆಟ್ ಬೋರಲು ಹಾಕಿ ಹತ್ತಿ ನಿಂತು, ನೆಲದಿಂದ ಐದು ಅಡಿ ಎಂಟು ಇಂಚಿಗೆ ಉದ್ದಕ್ಕೂ ಗೆರೆ ಎಳೆದ. ಎಳೆದು, ತಲೆ ಕೆರೆದುಕೊಂಡ.

“ಮೇಡಂ, ತಪ್ಪು ತಿಳ್ಕೋಬೇಡಿ. ಕಟ್ಟೆಯಿಂದ ಎರಡಡಿ ಸಾಕು ಅಂತ ನಂಗನ್ನಿಸ್ತದೆ. ಕಮ್ಮಿ ಖರ್ಚಲ್ಲಿ ಆಗ್ಬೇಕು ಅಂದಿದ್ರಲ್ಲ. ಇಷ್ಟೆತ್ತರದ ಡ್ಯಾಡೋ ನಾನು ಎಲ್ಲೂ ಹಾಕಿಲ್ಲ.”

“ಇಷ್ಟೆತ್ತರದ ಏನು?”

“ಡ್ಯಾಡೋ. ಒಲೆ ಹಿಂದಿನ ಗೋಡೆ ಟೈಲ್ಸಿಗೆ ನಾವು ಹಾಗೇ ಅನ್ನೋದು.” ಅವನು ಜೇಬಿನಿಂದ ಚಿಕ್ಕ ನೋಟ್ ಪುಸ್ತಕ ತೆಗೆದು, ತೋಳು ಪೂರ್ತಿ ಚಾಚಿ ಓದಿದ. “ನೀವೇ ಹೇಳಿದ್ದು. ಎತ್ತರ ಐದು ಎಂಟು. ಹಳೇದು ತಾನಾಗೇ ಹೋಗಿದೆ. ನಿದ್ದೆಯಲ್ಲಿ. ಇದು ಮಾತ್ರ ನಂಗೆ ಅರ್ಥ ಆಗ್ಲಿಲ್ಲ.”

ಅವಳು ಬಾಯಿಗೆ ಕೈ ಅಡ್ಡ ಹಿಡಿದಳು. ಪ್ರಯೋಜನವಾಗಲಿಲ್ಲ. ನಗು ಒತ್ತರಿಸಿ ಬಂತು. ಬಾಗಿಲ ಚೌಕಟ್ಟು ಹಿಡಿದುಕೊಂಡು, ಹೊಟ್ಟೆ ಹಿಡಿದುಕೊಂಡು, ಕಡೆಗೆ ಅಲ್ಲೇ ಸ್ಟೂಲಿನ ಮೇಲೆ ಕುಕ್ಕರಿಸಿ ನಕ್ಕಳು. “ಅಯ್ಯೋ ಮೇಸ್ತ್ರಿ, ನಾನು ಡ್ಯಾಡಿ ಅಂದ್ಕೊಂಡೆ! ನಮ್ಮಪ್ಪನ ಎತ್ತರ ಅದು!”

ಮೇಸ್ತ್ರಿ ಬಕೆಟ್ಟಿನ ಮೇಲೇ ನಿಂತು ಕಣ್ಣು ಕಣ್ಣು ಬಿಟ್ಟ. ಅವನ ಮುಖದಲ್ಲಿ ಆ ಫೋನಿನ ಮಾತುಗಳೆಲ್ಲ ಒಂದೊಂದಾಗಿ ಹಾದುಹೋದದ್ದು ಅವಳಿಗೆ ಕಂಡಿತು. ‘ತಾನಾಗೇ ಹೋಯ್ತಾ’ ಎಂದು ತಾನು ಕೇಳಿದ್ದು ನೆನಪಾದ ಕೂಡಲೇ ಅವನು ಟೋಪಿ ತೆಗೆದು ಎದೆಗೆ ಹಿಡಿದುಕೊಂಡ. “ಅಯ್ಯಯ್ಯೋ. ತಪ್ಪಾಯ್ತು ಮೇಡಂ.”

“ಏನೇ ಅದು?” ಹೊರಕೋಣೆಯಿಂದ ಅಮ್ಮ ಕೂಗಿದರು. “ನಗ್ತಾ ಇದೀಯಾ ನೀನು?”

ಹೌದಲ್ಲ, ಅನ್ನಿಸಿತು ಅವಳಿಗೆ. ಈ ಅಡುಗೆಮನೆಯಲ್ಲಿ ಯಾರಾದರೂ ನಕ್ಕು ಒಂದು ವರ್ಷ ಎರಡು ತಿಂಗಳಾಗಿತ್ತು. ಕಣ್ಣೊರೆಸಿಕೊಳ್ಳುತ್ತಾ ಅವಳು ಆ ಕುಳ್ಳ ಮನುಷ್ಯನನ್ನು ಮೊದಲ ಸಲ ಸರಿಯಾಗಿ ನೋಡಿದಳು. ನಾಚಿಕೆಯಿಂದ ಅವನ ಕಿವಿಗಳು ಕೆಂಪಾಗಿದ್ದವು.

ಆಮೇಲೆ ಅವನು ಒಲೆಯ ಎಡಗಡೆಯ ಮೂಲೆ ಅಳೆಯಲು ಅಲ್ಲಿದ್ದ ಕ್ಯಾಲೆಂಡರ್ ತೆಗೆದ. ಬೇಡ ಅನ್ನುವಷ್ಟರಲ್ಲಿ ತೆಗೆದೇಬಿಟ್ಟಿದ್ದ.

ಅಲ್ಲೊಂದು ಕಲೆ ಇತ್ತು. ಅಂಗೈಯಗಲದ, ಎಣ್ಣೆ ಹೀರಿ ಕಂದಾದ, ದುಂಡಗಿನ ಕಲೆ. ಅಪ್ಪ ಅಂಚೆ ಕಚೇರಿಯಲ್ಲಿ ದಿನವಿಡೀ ನಿಂತು ಕಾಗದ ವಿಂಗಡಿಸುತ್ತಿದ್ದವರು. ಮನೆಗೆ ಬಂದು ಮೂವರಿಗೂ ತಾವೇ ಟೀ ಮಾಡುತ್ತಿದ್ದರು. ಹಾಲು ಉಕ್ಕುವವರೆಗೆ ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚಿ ನಿಲ್ಲುತ್ತಿದ್ದರು, ಮೂವತ್ತು ವರ್ಷ. ತಲೆಯ ಎಣ್ಣೆ ಗೋಡೆಯಲ್ಲಿ ಉಳಿದಿತ್ತು. ಅಮ್ಮನ ಕಣ್ಣಿಗೆ ಬಿದ್ದರೆ ದುಃಖ ಅಂತ ಅವಳೇ ಕ್ಯಾಲೆಂಡರ್ ತೂಗುಹಾಕಿದ್ದಳು.

ಮೇಸ್ತ್ರಿ ಕಲೆಯನ್ನು ನೋಡಿದ, ತಾನು ಎಳೆದ ಐದು ಎಂಟರ ಗೆರೆ ನೋಡಿದ, ಅವಳನ್ನು ನೋಡಿದ. ಮತ್ತೆ ಕ್ಯಾಲೆಂಡರನ್ನು ಅದೇ ಮೊಳೆಗೆ ಹಾಕಿ, ಓರೆಯಾಗದಂತೆ ಬೆರಳಿನಿಂದ ಸರಿಪಡಿಸಿದ.

“ಈ ಮೂಲೇನ ಕೊನೆಗೆ ನೋಡೋಣ,” ಎಂದ.

ತನ್ನ ಹೆಸರನ್ನು ಅಷ್ಟು ಮೆತ್ತಗೆ ಯಾರಾದರೂ ಹೇಳಿದ್ದು ಅವಳಿಗೆ ನೆನಪಿರಲಿಲ್ಲ.

ಮರುದಿನದಿಂದ ಸ್ಯಾಂಪಲ್‌ಗಳ ಸಂಜೆ ಶುರುವಾಯಿತು. ಬೇರೆ ಕೆಲಸ ಮುಗಿಸಿಕೊಂಡು ದಾರಿಯಲ್ಲಿ ಬರುವಾಗ ದಿನಕ್ಕೊಂದು ತರುತ್ತಿದ್ದ. ಒಲೆಯ ಹಿಂದೆ ಆನಿಸಿಟ್ಟು, ದೂರ ಸರಿದು, ಕೈ ಕಟ್ಟಿ ನಿಲ್ಲುತ್ತಿದ್ದ.

ಮೊದಲ ದಿನ ಇಟ್ಟಿಗೆಯ ಹಾಗೆ ಕಾಣುವ ಅಂಟು ಹಾಳೆ. ಅಮ್ಮ ಬಂದು ಒಂದು ಮೂಲೆ ಎಳೆದು ನೋಡಿ, “ಇದು ಗೋಡೆಗೆ ಹಚ್ಚೋದಾ, ಮಕ್ಕಳ ಪುಸ್ತಕಕ್ಕಾ?” ಎಂದರು. ಎರಡನೆಯ ದಿನ ಹೂವಿನ ಉಬ್ಬು ಇದ್ದ ತಗಡು. ಚಮಚ ತಾಗಿದರೆ ಸಾಕು, ಮನೆಯೆಲ್ಲ ಢಣಾರ್ ಅನ್ನುತ್ತಿತ್ತು. ಮೂರನೆಯ ದಿನ ಸುಣ್ಣ ಬಳಿದ ಹಳೆಯ ಮರದ ಹಲಗೆ. ನೋಡಲು ಚಿತ್ರದಲ್ಲಿದ್ದ ಹಾಗೇ ಇತ್ತು.

“ಬೆಂಕಿ ಪಕ್ಕದಲ್ಲಿ ಮರ ಇಡ್ತಾರಾ ಯಾರಾದ್ರೂ?” ಅವಳು ಕೇಳಿದಳು.

“ಇಡಲ್ಲ,” ಎಂದು ಅವನು ಒಪ್ಪಿಕೊಂಡ.

“ಮತ್ತೆ ತಂದಿದ್ಯಾಕೆ?”

“ನೋಡೋಕೆ ಚೆನ್ನಾಗಿರ್ತದೆ ಅಂತ.” ಹಾಗೆನ್ನುವಾಗ ಅವನು ಹಲಗೆಯ ಕಡೆ ನೋಡುತ್ತಿರಲಿಲ್ಲ.

ನಾಲ್ಕನೆಯ ದಿನ ಹೊಳೆಯ ಗುಂಡುಕಲ್ಲು. “ಎಣ್ಣೆ ಸಿಡಿದ್ರೆ ಒಂದೊಂದು ಕಲ್ಲಿಗೂ ಸ್ನಾನ ಮಾಡಿಸ್ಬೇಕು,” ಎಂದರು ಅಮ್ಮ. ಐದನೆಯ ದಿನ, ಹದಿನೆಂಟು ವರ್ಷದಿಂದ ಅವನು ಕೆಲಸ ಮಾಡಿದ ಮನೆಗಳಲ್ಲಿ ಉಳಿದ ಬಣ್ಣಬಣ್ಣದ ಟೈಲ್ಸ್ ಚೂರು, ಒಂದು ಚೀಲ ತುಂಬಾ. ಬಿಟ್ಟಿ ಸಿಗುವಂಥದ್ದು. ಇಬ್ಬರೂ ನೆಲದ ಮೇಲೆ ಕೂತು ಚೂರುಗಳನ್ನು ಜೋಡಿಸಿದರು. ಅವನು ಒಂದೊಂದರ ಕಥೆ ಹೇಳಿದ. ಈ ಹಸಿರು ದಂತವೈದ್ಯರ ಬಚ್ಚಲಿನದು, ಈ ಹಳದಿ ಗಂಡ ಹೆಂಡತಿ ಜಗಳವಾಡಿ ಅರ್ಧಕ್ಕೇ ನಿಲ್ಲಿಸಿದ ವರಾಂಡದ್ದು. ಅವಳು ನಗುತ್ತಾ ಕೇಳಿದಳು. ಚೂರು ಕೊಡುವಾಗ ಬೆರಳು ತಾಗಿತು. ಇಬ್ಬರೂ ತಾಗಲಿಲ್ಲ ಎಂಬಂತೆ ಮುಂದಿನ ಚೂರಿಗೆ ಕೈ ಹಾಕಿದರು, ಒಂದೇ ಚೂರಿಗೆ.

“ತಟ್ಟೆಗಳೆಲ್ಲ ಬಿದ್ದು ಒಡೆದ ಹಾಗಿದೆ,” ಅಮ್ಮ ಮೇಲಿನಿಂದ ಬಗ್ಗಿ ತೀರ್ಪು ಕೊಟ್ಟರು. ಚೂರಿನ ಬಗ್ಗೆಯೇ ಹೇಳಿದ್ದು, ಆದರೂ ಇಬ್ಬರೂ ಗಾಬರಿಯಾಗಿ ಎದ್ದು ನಿಂತರು.

ಪ್ರತಿ ಸಂಜೆಯೂ ಅವಳ ಉತ್ತರ ಒಂದೇ, ನೋಡೋಣ. ಅವನೂ ಬೇಸರಿಸದೆ, “ಆಗ್ಲಿ, ನಾಳೆ ಇನ್ನೊಂದು ತರ್ತೀನಿ,” ಅನ್ನುತ್ತಿದ್ದ. ಒಂದು ವಾರವಾದ ಮೇಲೆ ಅವಳಿಗೇ ಅನುಮಾನ ಬಂತು. ನಾನು ನಿಜವಾಗಿ ಗೋಡೆ ಆರಿಸಲಾಗದೆ ನೋಡೋಣ ಅನ್ನುತ್ತಿದ್ದೇನೋ, ನಾಳೆ ಸಂಜೆಯೂ ಗೇಟಿನ ಸದ್ದು ಆಗಲಿ ಅಂತ ಅನ್ನುತ್ತಿದ್ದೇನೋ?

ಅವನು ಟೇಪು ಓದುವಾಗ ತೋಳು ಚಾಚುವುದನ್ನು ಅವಳು ಮೊದಲ ದಿನವೇ ಗಮನಿಸಿದ್ದಳು.

“ಮೇಸ್ತ್ರಿ, ನಿಮ್ಮ ಕೈ ಉದ್ದ ಸಾಲ್ತಾ ಇಲ್ಲ. ನಾಳೆ ಅಂಗಡಿಗೆ ಬನ್ನಿ.”

“ಕಣ್ಣಿಗೇನಾಗಿದೆ ನಂಗೆ? ಇಡೀ ಗೋಡೆಯಲ್ಲಿ ಒಂದು ಕೂದಲಷ್ಟು ಓರೆ ಇದ್ರೂ ಕಾಣುತ್ತೆ.”

“ಗೋಡೆ ದೂರ ಇರುತ್ತೆ. ಹತ್ತಿರ ಇರೋದು ಕಾಣುತ್ತಾ?”

ಮರುದಿನ ಅವನು ಅಂಗಡಿಗೆ ಬಂದ. ಮುಖ ತೊಳೆದು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಪರೀಕ್ಷೆಗೆ ಬಂದ ಹುಡುಗನ ಹಾಗೆ ಕುರ್ಚಿಯ ತುದಿಯಲ್ಲಿ ಕೂತ. ಅವಳು ದೀಪ ಸಣ್ಣಗೆ ಮಾಡಿ, ಗಾಜು ಹಾಕುವ ಭಾರದ ಫ್ರೇಮನ್ನು ಅವನ ಮೂಗಿನ ಮೇಲೆ ಕೂರಿಸಿದಳು. ದಿನಕ್ಕೆ ಇಪ್ಪತ್ತು ಮುಖಗಳಿಗೆ ಹೀಗೆ ಬಗ್ಗುತ್ತಾಳೆ. ಒಬ್ಬರ ರೆಪ್ಪೆ ಕಣ್ಣಿಗೆ ಬಿದ್ದದ್ದು ಇದೇ ಮೊದಲು. ಎಷ್ಟು ತೊಳೆದರೂ ಹೋಗದ ಸಿಮೆಂಟಿನ ಪುಡಿ ಅವನ ರೆಪ್ಪೆಗಳ ಬುಡದಲ್ಲಿ ಸಣ್ಣಗೆ ಉಳಿದಿತ್ತು. ರೆಪ್ಪೆ ಉದ್ದವಾಗಿತ್ತು. ಇಷ್ಟು ಗಟ್ಟಿ ಕೆಲಸ ಮಾಡುವವನಿಗೆ ಇಷ್ಟು ಚೆಂದದ ರೆಪ್ಪೆ ಯಾಕಪ್ಪಾ ಬೇಕಿತ್ತು ಅಂದುಕೊಂಡಳು.

“ಕೈಯಲ್ಲಿರೋ ಕಾರ್ಡಿನ ಅಕ್ಷರ ನೋಡಿ. ಒಂದು ಚೆನ್ನಾಗಿ ಕಾಣುತ್ತಾ, ಎರಡಾ?”

“ಎರಡು.”

“ಇದು? ಮೂರಾ, ನಾಲ್ಕಾ?”

“ಮೂರು.”

“ಸ್ವಲ್ಪ ಯೋಚನೆ ಮಾಡಿ ಹೇಳಿ.”

“ಕಂಡಿದ್ದನ್ನ ಹೇಳೋಕೆ ಯೋಚನೆ ಯಾಕೆ ಮೇಡಂ?”

ಅವಳು ಮುಂದಿನ ಗಾಜು ಹುಡುಕಿದಳು. ಹನ್ನೆರಡು ವರ್ಷದಿಂದ ಈ ಪ್ರಶ್ನೆ ಕೇಳುತ್ತಿದ್ದಾಳೆ. ಉತ್ತರ ಅಷ್ಟು ಸುಲಭ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ.

ಕೊನೆಯ ಗಾಜು ಹಾಕಿದಾಗ ಅವನು ಅಕ್ಷರ ಬಿಟ್ಟು ಅವಳ ಮುಖವನ್ನೇ ನೋಡುತ್ತಿದ್ದ.

“ಅಕ್ಷರ ನೋಡಿ ಅಂದೆ.”

“ನಿಮ್ಮ ಗದ್ದದ ಮೇಲೆ ಇರೋದು ಮಚ್ಚೆ!” ಅವನಿಗೆ ಆಶ್ಚರ್ಯವೋ ಆಶ್ಚರ್ಯ. “ನಾನು ಒಲೆ ಮಸಿ ಅಂದ್ಕೊಂಡಿದ್ದೆ. ದಿನಾ ಹೇಳ್ಬೇಕು ಅಂದ್ಕೊಳ್ತಿದ್ದೆ, ನೀವು ಬೇಜಾರು ಮಾಡ್ಕೊಂಡ್ರೆ ಅಂತ ಬಿಡ್ತಿದ್ದೆ.”

ಅವಳಿಗೆ ನಗು ಬಂತು, ಮುಖವೂ ಕೆಂಪೇರಿತು. ದೀಪ ಸಣ್ಣಗಿದ್ದದ್ದು ಒಳ್ಳೆಯದೇ ಆಯಿತು.

ಎರಡು ದಿನದ ನಂತರ ಕನ್ನಡಕ ಸಿದ್ಧವಾಯಿತು. ಹಾಕಿಕೊಂಡು ಅವನು ಮೊದಲು ತನ್ನ ಅಂಗೈಯನ್ನೇ ತಿರುಗಿಸಿ ತಿರುಗಿಸಿ ನೋಡಿದ. “ಥ್ಯಾಂಕ್ಸ್ ಮೇಡಂ. ನನ್ನ ಕೈ ಹೇಗಿದೆ ಅಂತಲೇ ಮರೆತುಹೋಗಿತ್ತು,” ಎಂದ. ಆ ಮಾತನ್ನು ಅವಳು ಮನೆಯವರೆಗೂ ಹೊತ್ತುಕೊಂಡು ಹೋದಳು.

ಭಾನುವಾರ ಬೆಳಿಗ್ಗೆ ಅವನು ತಂದದ್ದು ಸುಟ್ಟ ಮಣ್ಣಿನ ಬಿಲ್ಲೆಗಳು, ಅರ್ಧ ಅಡಿ ಚೌಕದವು. ಹಳೆಯ ಬಟ್ಟೆ ಗೋದಾಮು ಕೆಡವಿದಾಗ ಅದರ ನೆಲದಿಂದ ಎತ್ತಿಟ್ಟುಕೊಂಡದ್ದು. ಕೈಯಲ್ಲಿ ತಟ್ಟಿ ಮಾಡಿದ್ದರಿಂದ ಒಂದರಂತೆ ಇನ್ನೊಂದು ಇರಲಿಲ್ಲ. ಒಂದು ಕೆಂಪು, ಒಂದು ಕಿತ್ತಳೆ, ಒಂದು ಸುಟ್ಟು ಕಂದು, ಅಂಚುಗಳು ಮುಕ್ಕು. ಒಂದರ ಮೇಲೆ ಬೆಕ್ಕಿನ ಹೆಜ್ಜೆಯಿತ್ತು. ನೂರು ವರ್ಷದ ಹಿಂದೆ ಯಾವುದೋ ಬೆಕ್ಕು ಹಸಿ ಮಣ್ಣಿನ ಮೇಲೆ ನಡೆದು ತನ್ನ ಪಾಡಿಗೆ ಹೋಗಿತ್ತು.

ಅವನು ನೀರಲ್ಲಿ ಅದ್ದಿ ಒಲೆಯ ಹಿಂದೆ ಆನಿಸಿದ. ಕಿಟಕಿಯ ಬಿಸಿಲು ಅದರ ಮೇಲೆ ಬಿತ್ತು. ಅಡುಗೆಮನೆ ಇಷ್ಟು ದಿನ ಇದಕ್ಕಾಗಿಯೇ ಕಾದಿತ್ತೇನೋ ಅನ್ನಿಸಿತು.

ಇದೇ, ಎಂದಿತು ಅವಳ ಮನಸ್ಸು. ಅಷ್ಟು ಖಚಿತವಾಗಿ ಅದು ಯಾವತ್ತೂ ಏನನ್ನೂ ಹೇಳಿರಲಿಲ್ಲ. ಆದರೆ ಇದೇ ಅಂದುಬಿಟ್ಟರೆ ನಾಳೆಯ ಸ್ಯಾಂಪಲ್ ಇಲ್ಲ, ನಾಲ್ಕು ದಿನದ ಕೆಲಸ, ಆಮೇಲೆ ಗೇಟಿನ ಸದ್ದಿಲ್ಲ.

“ನೋಡೋಣ,” ಎಂದಳು.

ಅವನು ಟೋಪಿ ತೆಗೆದು ಕೈಯಲ್ಲಿ ತಿರುಗಿಸಿದ. “ಮೇಡಂ, ಒಂದು ನಿಜ ಹೇಳ್ತೀನಿ. ಮೊದಲ ದಿನ ಈ ಗೋಡೆ ನೋಡಿದಾಗಲೇ ನಂಗೆ ಗೊತ್ತಾಗಿತ್ತು, ಇದಕ್ಕೆ ಈ ಬಿಲ್ಲೆಯೇ ಅಂತ. ಉಳಿದಿದ್ದೆಲ್ಲ ಸುಮ್ನೆ ತಂದಿದ್ದು.”

“ಸುಮ್ನೆ ಯಾಕೆ?”

“ನೀವು ಸುಮ್ನೆ ಯಾಕೆ ನೋಡೋಣ ಅಂದ್ರೋ, ಅದಕ್ಕೇ.” ಅವನ ಕಿವಿ ಮತ್ತೆ ಕೆಂಪಾಯಿತು. ಆದರೆ ನಿಲ್ಲಿಸಲಿಲ್ಲ. “ಸಮುದ್ರದ ಕಡೆ ಒಂದು ದೊಡ್ಡ ಆಸ್ಪತ್ರೆ ಕಟ್ತಾ ಇದಾರೆ. ಎರಡು ವರ್ಷದ ಕೆಲಸ, ಅಲ್ಲೇ ಇರ್ಬೇಕು. ಒಪ್ಕೊಂಡ್ರೆ ನಾಳೆ ಬಿಟ್ಟು ಮುಂದಿನ ಸೋಮವಾರ ಹೊರಡ್ಬೇಕು. ಹೋಗದೆ ಇರೋಕೆ ಒಂದು ಕಾರಣ ಇದೆಯಾ ಅಂತ… ನಿಮ್ಮನ್ನ ಕೇಳೋಣ ಅಂತ ಬಂದೆ.”

ಇದಕ್ಕಿಂತ ಸ್ಪಷ್ಟವಾಗಿ ಯಾರು ಕೇಳುತ್ತಾರೆ ಹೇಳಿ? ಅವಳು ಬಾಯಿ ತೆರೆದಳು. ಮೂವತ್ತಾರು ವರ್ಷದ ಅಭ್ಯಾಸ ನುಗ್ಗಿ ಬಂತು.

“ನೋಡೋಣ.”

ಅಂದಮೇಲೆ ನಾಲಗೆ ಕಚ್ಚಿಕೊಂಡಳು. ಅವನು ತಲೆಯಾಡಿಸಿದ. ಕನ್ನಡಕ ತೆಗೆದು, ಮಡಚಿ ಜೇಬಿನಲ್ಲಿಟ್ಟ. “ಆಗ್ಲಿ ಮೇಡಂ,” ಎಂದು ಹೊರಟ. ಈ ಸಲ ‘ನಾಳೆ ಇನ್ನೊಂದು ತರ್ತೀನಿ’ ಅನ್ನಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಅಡುಗೆಮನೆಗೆ ಬಂದರೆ ಅಮ್ಮ ಕ್ಯಾಲೆಂಡರ್ ಎತ್ತಿ ಹಿಡಿದು ನಿಂತಿದ್ದರು. ಒಂದು ಕೈ ಕಲೆಯ ಮೇಲಿತ್ತು.

“ಅಮ್ಮಾ…”

“ಇದು ಹೋದ ವರ್ಷದ ಕ್ಯಾಲೆಂಡರು,” ಎಂದರು ಅಮ್ಮ. “ನಂಗೆ ಗೊತ್ತಿಲ್ಲ ಅಂದ್ಕೊಂಡ್ಯಾ? ದಿನಾ ನೀನು ಏಳೋಕೆ ಮುಂಚೆ ಬಂದು ನೋಡ್ತೀನಿ. ನೋಡಿದ್ರೆ ನಿಂಗೆ ದುಃಖ ಅಂತ ಮತ್ತೆ ಮುಚ್ಚಿಡ್ತೀನಿ.”

ಇಬ್ಬರೂ ಒಬ್ಬರಿಗೊಬ್ಬರು ಕಾಣದಂತೆ ಒಂದೇ ಕಲೆಯನ್ನು ಬಚ್ಚಿಟ್ಟಿದ್ದರಲ್ಲ! ಅವಳು ಹೋಗಿ ಅಮ್ಮನ ಭುಜಕ್ಕೆ ಗದ್ದ ಊರಿ ನಿಂತಳು.

“ನಿಮ್ಮಪ್ಪ ನನ್ನ ಕೇಳಿದಾಗ ನಾನೂ ನೋಡೋಣ ಅಂದಿದ್ದೆ ಕಣೇ,” ಎಂದರು ಅಮ್ಮ. “ಆ ಪುಣ್ಯಾತ್ಮ ಮೂರು ಸಲ ಬಂದ. ಎಲ್ಲರೂ ಮೂರು ಸಲ ಬರಲ್ಲ.”

ಅವಳು ಅಂಗಡಿಗೆ ಹೋಗುವ ದಾರಿಯಲ್ಲೇ ಫೋನ್ ಮಾಡಿದಳು. ಹೇಳಬೇಕು ಅಂದುಕೊಂಡದ್ದು ಬೇರೆ, ಬಾಯಿಗೆ ಬಂದದ್ದು ಮಾತ್ರ, “ಮಣ್ಣಿನ ಬಿಲ್ಲೆಯೇ ಹಾಕಿ ಮೇಸ್ತ್ರಿ.”

“ಸರಿ ಮೇಡಂ,” ಎಂದ ಅವನು. ಅಷ್ಟೇ.

ಆ ವಾರ ಅವಳು ಅಂಗಡಿಯಲ್ಲಿರುವಾಗಲೇ ಬಂದು ಕೆಲಸ ಮಾಡಿ, ಅವಳು ಬರುವಷ್ಟರಲ್ಲಿ ಹೋಗಿರುತ್ತಿದ್ದ. ಒದ್ದೆ ಗೋಣಿಚೀಲವನ್ನು ಗೋಡೆಗೆ ಇಳಿಬಿಟ್ಟು, “ಸಿಮೆಂಟು ಹಸಿ ಇದೆ, ಭಾನುವಾರದವರೆಗೆ ತೆಗೀಬೇಡಿ,” ಎಂದು ಅಮ್ಮನ ಹತ್ತಿರ ಹೇಳಿ ಹೋಗಿದ್ದ. ಅವಳು ಪ್ರತಿ ಸಂಜೆ ಆ ಗೋಣಿಯ ಮುಂದೆ ನಿಂತು, ಹೇಳಬೇಕಾದ ಒಂದು ಮಾತನ್ನು ಅಭ್ಯಾಸ ಮಾಡಿದಳು. ಗೋಣಿಯ ಮುಂದೆ ಚೆನ್ನಾಗಿಯೇ ಬರುತ್ತಿತ್ತು.

ಭಾನುವಾರ ಮಧ್ಯಾಹ್ನ ಅವನು ಬಂದ. ಕೈಯಲ್ಲಿ ಒಂದು ಡಬ್ಬಿ, ಒಂದು ಬ್ರಷ್. “ಕೊನೆಯ ಕೋಟಿಂಗ್ ಒಂದು ಹೊಡೆದ್ರೆ ಆಯ್ತು,” ಎಂದು ಗೋಣಿ ತೆಗೆದ.

ಒಲೆಯ ಹಿಂದೆ, ಕಟ್ಟೆಯುದ್ದಕ್ಕೂ ಎರಡಡಿ ಎತ್ತರಕ್ಕೆ, ಕೆಂಪು ಕಿತ್ತಳೆ ಬಿಲ್ಲೆಗಳು ಒಂದಕ್ಕೊಂದು ಆತುಕೊಂಡು ಕೂತಿದ್ದವು. ಬೆಕ್ಕಿನ ಹೆಜ್ಜೆ ಒಲೆಯ ನೇರಕ್ಕಿತ್ತು. ಆದರೆ ಎಡ ಮೂಲೆಯಲ್ಲಿ ಮಾತ್ರ ಬಿಲ್ಲೆಗಳು ಎರಡಡಿಗೆ ನಿಂತಿರಲಿಲ್ಲ. ಮೆಟ್ಟಿಲು ಹತ್ತಿದ ಹಾಗೆ ಹತ್ತಿ, ಅವನು ಮೊದಲ ದಿನ ಬಕೆಟ್ಟಿನ ಮೇಲೆ ನಿಂತು ಎಳೆದ ಗೆರೆಯವರೆಗೂ ಹೋಗಿದ್ದವು. ಐದು ಅಡಿ ಎಂಟು ಇಂಚು, ಒಂದಂಗುಲ ಆಚೀಚೆ ಇಲ್ಲ. ಅದರ ನಡುವೆ ಒಂದು ಬಿಲ್ಲೆಯ ಜಾಗ ಖಾಲಿ ಬಿಟ್ಟು, ಸುತ್ತ ತೆಳುವಾದ ಮರದ ಪಟ್ಟಿ ಕೂರಿಸಿದ್ದ. ಒಳಗೆ ಹಳೆಯ ಸುಣ್ಣದ ಗೋಡೆ. ಗೋಡೆಯ ಮೇಲೆ ಅಪ್ಪನ ತಲೆಯ ಕಲೆ, ಇದ್ದ ಹಾಗೇ.

ಅಮ್ಮ ಬಂದು ನೋಡಿದರು. ಮೇಸ್ತ್ರಿಯ ಎರಡೂ ಕೈಗಳನ್ನು ಹಿಡಿದು, ತಮ್ಮ ಕಣ್ಣಿಗೆ ಒತ್ತಿಕೊಂಡು, ಹೊರಕೋಣೆಗೆ ಹೋದರು.

ಅವಳಿಗೆ ಯಾರ್‍ಯಾರಿಗೆ ಥ್ಯಾಂಕ್ಸ್ ಹೇಳಲಿ ಅನ್ನಿಸಿತು. ಅವತ್ತು ಫೋನಿನಲ್ಲಿ ಕೂಗಿದ ಆ ಕಲ್ಲು ಕೊಯ್ಯುವ ಯಂತ್ರಕ್ಕೆ, ನಂಬರ್ ಕೊಟ್ಟ ಗಿರಾಕಿಗೆ, ನೂರು ವರ್ಷದ ಹಿಂದಿನ ಬೆಕ್ಕಿಗೆ, ಡ್ಯಾಡೋ ಎಂಬ ಪದ ಕಂಡುಹಿಡಿದ ಪುಣ್ಯಾತ್ಮನಿಗೆ. ಎಲ್ಲರಿಗಿಂತ ಮೊದಲು, ತಪ್ಪನ್ನು ಬರೆದುಕೊಂಡು, ತಪ್ಪೆಂದು ಗೊತ್ತಾದ ಮೇಲೂ ಅಳಿಸದ ಈ ಮನುಷ್ಯನಿಗೆ.

ಅವನು ಡಬ್ಬಿಯ ಮುಚ್ಚಳ ತೆಗೆದು ಬ್ರಷ್ ಅದ್ದಿದ. ಬಲ ತುದಿಯಿಂದ ಶುರುಮಾಡಿ, ಒಂದೊಂದೇ ಬಿಲ್ಲೆಗೆ ಹಚ್ಚುತ್ತಾ ಎಡಕ್ಕೆ ಬಂದ. ಮುಖ ಗೋಡೆಗಿತ್ತು, ಬೆನ್ನು ಅವಳಿಗಿತ್ತು. ಆ ಬೆನ್ನು ನಾಳೆ ಬಸ್ಸು ಹತ್ತುತ್ತದೆ ಅನ್ನಿಸಿ ಅವಳು ಒಂದು ಹೆಜ್ಜೆ ಮುಂದೆ ಬಂದಳು. ಈಗ ಹೇಳದಿದ್ದರೆ ಇನ್ನು ಯಾವ ಸ್ಯಾಂಪಲ್ಲೂ ಬರುವುದಿಲ್ಲ.

“ಅದು ಯಾಕೆ ಹಚ್ಚೋದು?” ಕೇಳಿದಳು.

“ಇದು ಬರೀ ಮಣ್ಣು ಮೇಡಂ. ಏನು ತಾಗಿದ್ರೂ ಹೀರ್ಕೊಳ್ಳುತ್ತೆ. ಇದು ಹಚ್ಚಿದ್ರೆ ಎಣ್ಣೆ ಹಿಡಿಯಲ್ಲ, ಕಲೆ ಆಗಲ್ಲ.”

ಅವನು ಎಡ ಮೂಲೆಗೆ ಬಂದಿದ್ದ. ಖಾಲಿ ಚೌಕದ ಪಕ್ಕದ ಸಾಲು, ಅದರಿಂದ ಒಂದು ಬಿಲ್ಲೆ ಕೆಳಗೆ. ಬ್ರಷ್ ಅದನ್ನು ಮುಟ್ಟುವುದರಲ್ಲಿತ್ತು.

“ಅದಕ್ಕೆ ಹಚ್ಚಬೇಡಿ.”

ಬ್ರಷ್ ನಿಂತಿತು. “ಯಾವುದಕ್ಕೆ?”

“ಆ ಒಂದಕ್ಕೆ.”

“ಇದೊಂದೇ ಬಿಟ್ರೆ ಎಣ್ಣೆ ಹಿಡಿಯುತ್ತೆ ಮೇಡಂ. ಕಲೆ ಬರುತ್ತೆ.”

“ಬರ್ಲಿ.”

ಅವನು ನಿಧಾನವಾಗಿ ತಿರುಗಿದ. “ಇಷ್ಟು ಕೆಳಗೆ ಯಾರ ತಲೆ ತಾಗುತ್ತೆ?”

“ಐದು ಅಡಿ ಎರಡು ಇಂಚು ಇರೋರದ್ದು,” ಎಂದಳು ಅವಳು. “ಹಾಲು ಉಕ್ಕೋವರೆಗೆ ಅಲ್ಲಿ ನಿಲ್ಲೋರದ್ದು.”

ಅವನು ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡ. ಬಿಲ್ಲೆಯನ್ನು ನೋಡಲಿಲ್ಲ, ಅವಳನ್ನು ನೋಡಿದ. ಮಚ್ಚೆ, ಒದ್ದೆಯಾದ ಕಣ್ಣು, ಕಚ್ಚಿ ಹಿಡಿದ ತುಟಿ, ಎಲ್ಲ ಸ್ಪಷ್ಟವಾಗಿ ಕಾಣುತ್ತಿದ್ದಿರಬೇಕು. ಗಾಜು ಸರಿಯಾದದ್ದನ್ನೇ ಕೊಟ್ಟಿದ್ದಳಲ್ಲ.

“ಐದು ಎರಡೂವರೆ,” ಎಂದ. “ಅರ್ಧ ಇಂಚು ಬಿಡಬೇಡಿ ಮೇಡಂ, ಇರೋದೇ ಕಮ್ಮಿ.” ನಗಲು ನೋಡಿದ, ಆಗಲಿಲ್ಲ. “ಒಂದು ಸಲ ಸರಿಯಾಗಿ ಕೇಳ್ತೀನಿ. ಒಂದು, ನಾನು ನಾಳೆ ಆಸ್ಪತ್ರೆ ಕೆಲಸಕ್ಕೆ ಹೋಗೋದು. ಎರಡು, ಇಲ್ಲೇ ಇರೋದು. ಒಂದು ಚೆನ್ನಾಗಿ ಕಾಣುತ್ತಾ, ಎರಡಾ?”

“ಎರಡು.”

“ಸ್ವಲ್ಪ ಯೋಚನೆ ಮಾಡಿ ಹೇಳಿ.”

“ಕಂಡಿದ್ದನ್ನ ಹೇಳೋಕೆ ಯೋಚನೆ ಯಾಕೆ?” ಎಂದಳು ಅವಳು. ಎಂದು, ಅಷ್ಟು ಸಾಲದು ಅನ್ನಿಸಿ, ಗೋಣಿಯ ಮುಂದೆ ಒಂದು ವಾರ ಅಭ್ಯಾಸ ಮಾಡಿದ್ದ ಆ ಮಾತನ್ನೂ ಹೇಳಿದಳು. “ನೀವು ಬೇಕು ನಂಗೆ.”

ಬ್ರಷ್ ಕಟ್ಟೆಯ ಮೇಲೆ ಬಿತ್ತು. ಕೋಟಿಂಗ್ ಚೆಲ್ಲಿತು. ಅಂಗುಲ ಮೇಸ್ತ್ರಿ ಜೀವನದಲ್ಲಿ ಮೊದಲ ಸಲ ಕೆಲಸದ ಜಾಗ ಗಲೀಜಾದದ್ದನ್ನು ಲೆಕ್ಕಿಸದೆ, ಅವಳ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡ.

“ಏ ನೋಡೋಣ!” ಹೊರಗಿನಿಂದ ಅಮ್ಮನ ಕೂಗು. “ಟೀ ಇಡ್ತೀಯೋ, ನಾನು ಬರ್ಲೋ?”

“ಇಡ್ತೀನಿ!” ಎಂದಳು ಅವಳು, ಅಷ್ಟೇ ಜೋರಾಗಿ.

ಹಾಲು ಒಲೆಯ ಮೇಲಿಟ್ಟಳು. ಅವನು ಟೋಪಿ ತೆಗೆದು, ಸಂಕೋಚದಿಂದ ಮೂಲೆಗೆ ಸರಿದು, ಆ ಬಿಲ್ಲೆಗೆ ತಲೆ ಆನಿಸಿ ನಿಂತ. ಸರಿಯಾಗಿ ಕೂತಿತು. ಪಕ್ಕದಲ್ಲಿ, ಸ್ವಲ್ಪ ಮೇಲೆ, ಅಪ್ಪನ ಜಾಗ.

ಅಮ್ಮ ಬಾಗಿಲಿಗೆ ಬಂದು ನೋಡಿದರು. ಹಾಲನ್ನು ನೋಡಿದರು, ಮಗಳನ್ನು ನೋಡಿದರು, ಗೋಡೆಗೆ ಆತು ನಿಂತ ತಲೆಯನ್ನು ಬಹಳ ಹೊತ್ತು ನೋಡಿದರು.

“ತಲೆಗೆ ಎಣ್ಣೆ ಹಚ್ತೀಯೇನಪ್ಪಾ?”

“ಇಲ್ಲಮ್ಮ.”

“ಇವತ್ತಿಂದ ಹಚ್ಚು,” ಎಂದು ಅವರು ಬಾಟಲಿ ತರಲು ಒಳಗೆ ಹೋದರು.